ಮಾರಕ್ಕನ ಲಕ್ಕಣ್ಣ

೨೯ ಅಕ್ಟೋಬರ್ ೨೦೧೪, ಬುಧವಾರ

ಲಕ್ಕಣ್ಣನನ್ನು ತೌಡಿಗೆ ಮಾರಿದ ಕಥೆಯನ್ನು ನನಗೆ ಮೊದಲು ಹೇಳಿದವಳು ಮಾರಕ್ಕ. ಎಂಬತ್ತೆರಡನೇ ಇಸವಿಯ ಡಿಸೆಂಬರ್, ಅವರೆಕಾಯಿ ಕಾಲ. ಅಟ್ಟೂರಿನ ಈ ಬೀದಿಯಲ್ಲಿ ಆಗ ಒಂಬತ್ತೇ ಮನೆ. ಅವಳ ಮನೆ ನಮ್ಮ ಮನೆಗೆ ಎದುರು, ಮಧ್ಯೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗ. ಅವಳು ಜಗುಲಿಯ ಮೇಲೆ ಕಾಯಿ ಸುಲಿಯುತ್ತಿದ್ದಳು, ಹನ್ನೆರಡು ವರ್ಷದ ನಾನು ಕಾಳು ಕದಿಯುತ್ತಿದ್ದೆ, ಐದು ವರ್ಷದ ಲಕ್ಕಣ್ಣ ಸಿಪ್ಪೆಯನ್ನೆಲ್ಲ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದ.

ಅವಳು ಹೇಳಿದ್ದು ಇಷ್ಟು. ನನ್ನ ಹಿಂದೆ ಹುಟ್ಟಿದ ಮೂರು ಕೂಸುಗಳು ತಿಂಗಳು ತುಂಬುವುದರೊಳಗೆ ಹೋದವು. ನಾಲ್ಕನೆಯದು ಹುಟ್ಟಿದ ದಿನವೇ ಸೂಲಗಿತ್ತಿ ಅದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟಳು. ಮಾರಕ್ಕ ಹೋಗಿ, ಯಾರದಮ್ಮ ಈ ಕೂಸು ಎಂದು ಕೂಗಿ ಕೇಳಿದಳು. ಯಾರದೂ ಅಲ್ಲ ಎಂದು ನಮ್ಮಮ್ಮ ಬಾಗಿಲ ಹಿಂದಿನಿಂದ ಹೇಳಿದಳು. ಮೂರು ಸೇರು ತೌಡು ಕೊಟ್ಟು ಮಾರಕ್ಕ ಅದನ್ನು ಕೊಂಡು ಮನೆಗೆ ಒಯ್ದಳು. ಮೊದಲ ಮೂರನ್ನು ಕರೆದುಕೊಂಡು ಹೋದದ್ದು ಯಾವುದೋ, ಅದು ನಾಲ್ಕನೆಯದನ್ನು ಹುಡುಕಿಕೊಂಡು ನಮ್ಮ ಮನೆಗೆ ಬಂದರೆ ತೊಟ್ಟಿಲು ಬರಿದಾಗಿರಬೇಕು, ಅದಕ್ಕಾಗಿ. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಹೀಗೆ ಮಾಡುತ್ತಿದ್ದರು. ಹಾಲು ಕುಡಿಸುವುದಕ್ಕೆ ಅಮ್ಮ ಬೀದಿ ದಾಟಿ ಹೋಗುತ್ತಿದ್ದಳಂತೆ, ಕೂಲಿಗೆ ಹೋದವಳ ಹಾಗೆ.

ಐದನೇ ವರ್ಷ ಮುಡಿ ತೆಗೆಸುವ ದಿನ ರಾಗಿ ಕೊಟ್ಟು ಮಗುವನ್ನು ವಾಪಸು ಕೊಳ್ಳುತ್ತಾರೆ. ಅಲ್ಲಿಗೆ ಆಟ ಮುಗಿಯಿತು. ಆದರೆ ಅಮ್ಮ ರಾಗಿ ಹೊತ್ತು ಹೊರಟ ಬೆಳಿಗ್ಗೆಯೇ ಲಕ್ಕಣ್ಣನಿಗೆ ಜ್ವರ. ಅಮ್ಮ ಹೆದರಿ ತಿರುಗಿಬಂದಳು. ಮತ್ತೆ ಹೋಗಲಿಲ್ಲ.

"ಅವತ್ತಿಂದ ಇವನು ನನ್ನವನೇಯ. ನಿಮ್ಮಮ್ಮನ ಮುಂದೆ ಈ ಮಾತು ಎತ್ತಬೇಡ ಕಣೋ," ಎಂದಳು ಮಾರಕ್ಕ.

ಎತ್ತಲಿಲ್ಲ. ಮೂವತ್ತೆರಡು ವರ್ಷವಾಯಿತು. ಬೀದಿಗೆಲ್ಲ ಗೊತ್ತು, ಬೀದಿಯಲ್ಲಿ ಯಾರೂ ಎತ್ತುವುದಿಲ್ಲ. ಅವನು ನಮ್ಮಮ್ಮನನ್ನು ದೊಡ್ಡಮ್ಮ ಎನ್ನುತ್ತಾನೆ, ಅಮ್ಮ ಅವನನ್ನು ಮಾರಕ್ಕನ ಹುಡುಗ ಎನ್ನುತ್ತಾಳೆ.

ಇವತ್ತು ಇದೆಲ್ಲ ನೆನಪಾದದ್ದಕ್ಕೆ ಕಾರಣವಿದೆ. ಹೆಬ್ಬಾಳದ ಆಸ್ಪತ್ರೆಯಲ್ಲಿ ಹರಿಪ್ರಿಯಾ ಅಂತ ಒಬ್ಬ ಮೇಡಂ ಇದ್ದಾರೆ. ಕಸಿಯ ಕೆಲಸವನ್ನೆಲ್ಲ ಓಡಾಡಿ ಹೊಂದಿಸುವವರು ಅವರೇ. ನನ್ನ ರಕ್ತದ ಕ್ಯಾನ್ಸರ್ ಸದ್ಯಕ್ಕೆ ಅಡಗಿದೆ, ಬರೀ ಔಷಧಿಯಲ್ಲಿ ಬಿಟ್ಟರೆ ಮತ್ತೆ ಬರುವ ಜಾತಿಯದು, ಬೇರೆಯವರ ಸ್ಟೆಮ್ ಸೆಲ್ ಹಾಕಲೇಬೇಕು, ಒಂದೇ ತಂದೆ ತಾಯಿಗೆ ಹುಟ್ಟಿದವರದಾದರೆ ಹೊಂದುವ ಸಾಧ್ಯತೆ ಹೆಚ್ಚು ಎಂದು ಬಿಡಿಸಿ ಹೇಳಿದರು.

"ಮುನೀಂದ್ರ ಅವರೇ, ಅಣ್ಣ, ತಮ್ಮ, ಅಕ್ಕ, ತಂಗಿ, ಯಾರಿದ್ದಾರೆ?"

"ನಾನೊಬ್ಬನೇ ಮೇಡಂ," ಎಂದೆ.

ಪಕ್ಕದಲ್ಲಿದ್ದ ನನ್ನ ಹೆಂಡತಿ ರಾಣಿ ನನ್ನ ಮುಖ ನೋಡಿದಳು. ಆಟೋ ಕೊಡಿಗೆಹಳ್ಳಿ ಗೇಟ್ ದಾಟಿದ ಮೇಲೆ, "ಲಕ್ಕಣ್ಣ?" ಎಂದಳು.

"ಅವನು ಮಾರಕ್ಕನ ಮಗ," ಎಂದೆ. ಸುಳ್ಳು ಹೇಳಿದೆನೆಂದು ನನಗೆ ಅನ್ನಿಸಲಿಲ್ಲ. ಈಗಲೂ ಅನ್ನಿಸುತ್ತಿಲ್ಲ.

ಆಸ್ಪತ್ರೆಯವರು ಈ ಪುಸ್ತಕ ಕೊಟ್ಟದ್ದು ದಿನಾ ಜ್ವರ ನೋಡಿ ಬರೆಯುವುದಕ್ಕೆ. ಬೆಳಿಗ್ಗೆ ೯೮.೪, ಸಂಜೆ ೯೮.೮. ಇಷ್ಟು ದೊಡ್ಡ ಹಾಳೆಯಲ್ಲಿ ಎರಡು ಅಂಕಿ ಬರೆದು ಬಿಟ್ಟರೆ ಕಾಗದಕ್ಕೇ ಬೇಜಾರಾಗುತ್ತದೆ.

೧೦ ನವೆಂಬರ್, ಸೋಮವಾರ

ಏಳೂಕಾಲಿಗೆ ವ್ಯಾನು ಹೊರಟಿತು. ಹದಿನಾಲ್ಕು ವರ್ಷ ನಾನು ಓಡಿಸಿದ ಸ್ಕೂಲ್ ವ್ಯಾನು. ಈಗ ಬೆಳಿಗ್ಗೆ, ಮಧ್ಯಾಹ್ನ ಎರಡು ಟ್ರಿಪ್ ಮಾರಕ್ಕನ ಲಕ್ಕಣ್ಣ ಹೊಡೆಯುತ್ತಾನೆ, ನಡುವೆ ಅಪಾರ್ಟ್‌ಮೆಂಟುಗಳಲ್ಲಿ ವೈರಿಂಗ್ ಕೆಲಸ ಮಾಡಿಕೊಳ್ಳುತ್ತಾನೆ. ನಾನು ಕಿಟಕಿಯ ಜಾಲರಿಯ ಹಿಂದೆ ನಿಂತು ಮಕ್ಕಳ ತಲೆ ಎಣಿಸಿದೆ. ಹದಿಮೂರು. ಸರಿಯಿದೆ.

ಆ ಮಕ್ಕಳಿಗೆ ನಾನು ದಾರಿಯುದ್ದಕ್ಕೂ ಕಥೆ ಹೇಳುತ್ತಿದ್ದೆ. ರೈಲ್ವೆ ಗೇಟು ಹಾಕಿದರೆ ರಾಜಕುಮಾರ ಇನ್ನೂ ಎರಡು ಕಾಡು ದಾಟಬೇಕಾಗುತ್ತಿತ್ತು. ಗೇಟು ತೆಗೆದಿದ್ದರೆ ಪಾಪ, ಬೇಗ ಮದುವೆಯಾಗುತ್ತಿದ್ದ.

ಸಂಜೆ ಲಕ್ಕಣ್ಣ ಕೀಲಿ ಕೊಡಲು ಬಂದು ಗೇಟಿನ ಹೊರಗೇ ನಿಂತ. ನನಗೆ ಸೋಂಕು ತಗಲೀತು, ಹತ್ತಿರ ಬರಬಾರದು ಎಂದು ಅವನಿಗೆ ಯಾರೂ ಎರಡನೇ ಸಲ ಹೇಳಬೇಕಿಲ್ಲ.

"ಕಥೆ ಏಳು ಅಂತ ಪ್ರಾಣ ತಿಂತವೆ ಮುನೀಂದ್ರಣ್ಣ. ನಂಗ್ ಬರೋದು ಒಂದೇ ಕಥೆ, ಮೂರನೇ ಫ್ಲೋರಲ್ಲಿ ಕರೆಂಟ್ ಒಡ್ದಿದ್ದು. ಏಳ್ದೆ. ಒಂದು ಮಗು ಅಳಕ್ಕೆ ಸುರು ಮಾಡ್ತು."

ಅವನ ಮಗಳು ಮೋನಿಷಾ, ಒಂದನೇ ಕ್ಲಾಸು, ಅಪ್ಪನ ಕಾಲಿನ ಹಿಂದಿನಿಂದ ನನ್ನ ಬೋಳು ತಲೆಯನ್ನೇ ನೋಡುತ್ತಿದ್ದಳು. "ತಿರುಪತಿಗೆ ಓಗಿದ್ರಾ?" ಎಂದಳು. ಹೌದಮ್ಮ, ಲಡ್ಡು ತರುವುದು ಮರೆತೆ ಎಂದೆ.

ನಮಗೆ ಮಕ್ಕಳಿಲ್ಲ. ಇದ್ದಿದ್ದರೆ ಎಂದು ಬಹಳ ವರ್ಷದಿಂದ ಯೋಚಿಸಿರಲಿಲ್ಲ. ಇವತ್ತು ಯೋಚಿಸಿದೆ.

೨೩ ನವೆಂಬರ್

ಆಸ್ಪತ್ರೆ. ಎರಡನೇ ಸುತ್ತಿನ ಔಷಧಿ. ನಾಲಿಗೆಗೆ ಸೀಮೆಸುಣ್ಣದ ರುಚಿ. ೧೦೦.೬.

೧೨ ಡಿಸೆಂಬರ್, ಶುಕ್ರವಾರ

ಹಲ್ಲುಜ್ಜಿದರೆ ರಕ್ತ, ಮೂಗು ಸೀನಿದರೆ ರಕ್ತ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಂಬ ಕಣ ನನ್ನಲ್ಲಿ ಮುಗಿದುಹೋಗಿತ್ತು. ಕೊಡುವವರನ್ನು ನೀವೇ ಕರೆತನ್ನಿ ಎಂದರು. ರಾಣಿ ಫೋನ್ ಮಾಡಿದ ಮುಕ್ಕಾಲು ಗಂಟೆಗೆ ಲಕ್ಕಣ್ಣ ಬಂದ, ಕೈಯಲ್ಲಿ ಇನ್ನೂ ವೈರಿಂಗ್ ಟೇಪಿನ ಅಂಟು. ನನ್ನ ಗುಂಪಿನದೇ ರಕ್ತ ಅವನದು. ಒಂದೂವರೆ ಗಂಟೆ ಯಂತ್ರಕ್ಕೆ ಕೈ ಕೊಟ್ಟು ಮಲಗಿದ್ದನಂತೆ.

ರಾಣಿ ಆಮೇಲೆ ಹೇಳಿದಳು. ಅಲ್ಲಿಯ ಹುಡುಗಿ ಫಾರಂ ತುಂಬುತ್ತಾ, "ಪೇಷಂಟಿಗೆ ನೀವು ಏನಾಗ್ಬೇಕು?" ಎಂದು ಕೇಳಿದಳಂತೆ. ಲಕ್ಕಣ್ಣ ಸ್ವಲ್ಪ ಹೊತ್ತು ರಾಣಿಯ ಕಡೆ ನೋಡಿ, "ಎದುರು ಮನೆ," ಎಂದನಂತೆ.

ಆ ಹಳದಿ ನೀರು ಹನಿಹನಿಯಾಗಿ ನನ್ನೊಳಗೆ ಇಳಿಯುವುದನ್ನು ನೋಡುತ್ತಾ ಮಲಗಿದ್ದೆ. ಎದುರು ಮನೆ. ಹೌದು, ಸರಿಯಾಗಿಯೇ ಹೇಳಿದ್ದಾನೆ. ಮತ್ತೆ ಏನು ಹೇಳಬೇಕಿತ್ತು?

೨೮ ಡಿಸೆಂಬರ್, ಭಾನುವಾರ

ಮನೆ. ಅವರೆಕಾಯಿ ಬಂದಿದೆ. ಬೀದಿಗೆಲ್ಲ ಸೊಗಡು. ಹಸಿಯದು ಏನೂ ಮುಟ್ಟಬಾರದು, ಸಿಪ್ಪೆಯ ಮಣ್ಣು ಸೋಕಬಾರದು, ಹೂವು ಮನೆಯೊಳಗೆ ಬರಬಾರದು. ಅಮ್ಮ ತನ್ನ ಕನಕಾಂಬರದ ಕುಂಡಗಳನ್ನೆಲ್ಲ ಮಾರಕ್ಕನ ಜಗುಲಿಗೆ ಸಾಗಿಸಿದ್ದಾಳೆ. ದೇವರಿಗೆ ಅಲ್ಲಿಂದಲೇ ಕೈ ಮುಗಿ ಎಂದು ನಾನು ತಮಾಷೆ ಮಾಡಿದರೆ, "ಅವನಿಗೂ ಗೊತ್ತಾಯ್ತದೆ ಬಿಡು," ಎಂದಳು.

ಆಸೆಗಳು ಈಗ ಬಹಳ ಸಣ್ಣವಾಗಿವೆ. ಉಪ್ಪು ಖಾರ ಸವರಿದ ಒಂದು ಹೋಳು ಸೌತೆಕಾಯಿ. ಬಸ್‌ಸ್ಟಾಪಿನಲ್ಲಿ ಸುಮ್ಮನೆ ಜನರ ಮಧ್ಯೆ ನಿಲ್ಲುವುದು. ಮೊದಲೆಲ್ಲ ಸಂಜೆ ಲಕ್ಕಣ್ಣನೂ ನಾನೂ ಕೆರೆ ಏರಿಯ ಕಲ್ಲಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತು ಬೀಡಿ ಸೇದದವರ ಹಾಗೆ ನಟಿಸುತ್ತಿದ್ದೆವು. ಮಾತು ಹೆಚ್ಚಿರಲಿಲ್ಲ. ಮಾತೆಲ್ಲ ನನ್ನದು, ಅವನದು ಹ್ಞೂಂ. ನಾನು ಹೇಳಿದ ಕಥೆಗಳಿಗೆ ಅವನಷ್ಟು ಚೆನ್ನಾಗಿ ಹ್ಞೂಂಗುಟ್ಟಿದವರು ಇನ್ನೊಬ್ಬರಿಲ್ಲ. ಆ ಕಲ್ಲಿನ ಮೇಲೆ ಕೂರಬೇಕು. ಬೇರೆ ಏನಾದರೂ ಕೇಳು ಎಂದು ಯಾರಾದರೂ ಬಂದು ಹೇಳಿದರೂ ಅದನ್ನೇ ಕೇಳುತ್ತೇನೆ.

ಜ್ವರ ಇಲ್ಲ.

೧೨ ಜನವರಿ ೨೦೧೫, ಸೋಮವಾರ

ಆಸ್ಪತ್ರೆಯವರು ಸ್ಟೆಮ್ ಸೆಲ್ ಕೊಡಲು ಹೆಸರು ಬರೆಸಿದ ದಾನಿಗಳ ಪಟ್ಟಿಯಲ್ಲೂ ಹುಡುಕುತ್ತಿದ್ದರು, ಹೊಂದುವವರು ಒಬ್ಬರು ಸಿಕ್ಕಿದ್ದರು. ಎಲ್ಲಿಯವರೋ, ಯಾರೋ, ಹೇಳುವುದಿಲ್ಲ. ಹತ್ತು ದಿನ ನಾನು ಆ ಗುರುತಿಲ್ಲದ ಮನುಷ್ಯನಿಗೆ ಮನಸ್ಸಿನಲ್ಲೇ ಊಟ ಹಾಕಿದೆ, ಅವನ ಮಕ್ಕಳಿಗೆ ಹೆಸರಿಟ್ಟೆ. ಇವತ್ತು ಹರಿಪ್ರಿಯಾ ಮೇಡಂ ತಲೆ ತಗ್ಗಿಸಿಕೊಂಡು, ಅವರು ಈಗ ಫೋನಿಗೆ ಸಿಗುತ್ತಿಲ್ಲ ಎಂದರು. ಎಷ್ಟೋ ಜನ ಹೆಸರು ಕೊಟ್ಟಾಗ ಇದ್ದ ಧೈರ್ಯ ಕರೆ ಬಂದಾಗ ಇರುವುದಿಲ್ಲವಂತೆ. ಅವನ ತಪ್ಪಿಲ್ಲ. ಅವನ ಹೆಂಡತಿ ಬೇಡ ಎಂದಿರಬಹುದು.

ಆಗ ರಾಣಿ ಹೇಳಿಬಿಟ್ಟಳು. ತೌಡಿನಿಂದ ಶುರುಮಾಡಿ ಎಲ್ಲವನ್ನೂ. ನಾನು ಗೋಡೆ ನೋಡುತ್ತಾ ಕೂತೆ.

ಮೇಡಂ ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟರು. "ಅವರು ಡಿಸೆಂಬರಿನಲ್ಲಿ ಪ್ಲೇಟ್‌ಲೆಟ್ ಕೊಟ್ಟವರೇ ಅಲ್ವಾ?"

"ಹೌದು."

"ಕಸಿಗೆ ಮೊದಲು ಒಡಹುಟ್ಟಿದವರ ರಕ್ತ ರೋಗಿಗೆ ಹಾಕಬಾರದು. ಆಮೇಲೆ ಅವರ ಸೆಲ್‌ಗಳನ್ನೇ ನಿಮ್ಮ ದೇಹ ಬೇಡ ಅನ್ನೋ ಅಪಾಯ ಇರುತ್ತೆ. ಅದಕ್ಕೇ ಫಾರಂನಲ್ಲಿ ಸಂಬಂಧ ಕೇಳೋದು. ಎದುರು ಮನೆ ಅಂತ ಬರೆದಿದೆ."

"ಎದುರು ಮನೆಯೇ ಮೇಡಂ," ಎಂದೆ.

ಅವರಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ಒಂದೇ ಸಲ ಕೊಟ್ಟಿರುವುದರಿಂದ ದಾರಿ ಮುಚ್ಚಿಲ್ಲ, ಇನ್ನು ಮುಂದೆ ಬೇಡ, ಅವರನ್ನು ಪರೀಕ್ಷೆಗೆ ಕರೆತನ್ನಿ, ಪೂರ್ತಿ ಹೊಂದುವುದು ನಾಲ್ಕರಲ್ಲಿ ಒಬ್ಬರಿಗೆ, ಆದರೂ ಕರೆತನ್ನಿ ಎಂದರು. ಮಾರ್ಚ್ ದಾಟಿಸಬೇಡಿ ಎಂದು ಡಾಕ್ಟರ್ ಹೇಳಿದ್ದನ್ನು ಎರಡು ಸಲ ಹೇಳಿದರು.

೧೬ ಜನವರಿ, ಶುಕ್ರವಾರ

ನಿನ್ನೆ ಸಂಕ್ರಾಂತಿ. ಮೋನಿಷಾ ಎಳ್ಳು ಬೀರಲು ಬಂದವಳು ಗೇಟಿನ ಮೇಲೆ ಪೊಟ್ಟಣ ಇಟ್ಟು, ಒಳ್ಳೇ ಮಾತಾಡು ಎಂದು ಕೂಗಿ ಓಡಿದಳು. ನಾನು ಅದನ್ನು ತಿನ್ನುವ ಹಾಗಿಲ್ಲ. ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ.

ಇವತ್ತು ಅಮ್ಮನ ಹತ್ತಿರ ರಾಣಿ ಮಾತೆತ್ತಿದಳು. ಅಮ್ಮ ರಾಗಿ ಕೇರುತ್ತಿದ್ದಳು. ಗುಲಾಬಿಗೆ ಕಸಿ ಕಟ್ಟುವ ಹಾಗೆ ಅತ್ತೆ, ಇವರಿಗೂ ಕಟ್ಟುತ್ತಾರೆ, ಹೊಂದುವ ಗಿಡ ಬೇಕು ಎಂದು ರಾಣಿ ಚೆನ್ನಾಗಿಯೇ ವಿವರಿಸಿದಳು. ಲಕ್ಕಣ್ಣನ ಹೆಸರು ಬಂದದ್ದೇ ಅಮ್ಮನ ಕೈ ನಿಂತಿತು.

"ಅವನು ಮಾರಕ್ಕನ ಮಗ."

"ಅತ್ತೆ, ಇವರ ಜೀವದ ಪ್ರಶ್ನೆ."

"ಗೊತ್ತು ಕಣಮ್ಮ. ಇವನ ತಾಯಿ ನಾನು. ನಂಗೊತ್ತಾಗಲ್ವಾ?" ಎಂದು ಮತ್ತೆ ಕೇರತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ, ನಮ್ಮಿಬ್ಬರಿಗೂ ಅಲ್ಲ, ಮೊರಕ್ಕೆ ಹೇಳಿದ ಹಾಗೆ, "ನನ್ನ ಬಾಯಲ್ಲಿ ಬೇರೆ ಮಾತು ಬರುಸ್ಬೇಡಿ," ಎಂದಳು.

ನನಗೆ ಸಿಟ್ಟು ಬರಲಿಲ್ಲ. ಮೂರು ಕೂಸುಗಳನ್ನು ಮಣ್ಣಿಗಿಟ್ಟ ಕೈ. ನಾಲ್ಕನೆಯವನು ನನ್ನವನು ಎಂದು ಬಾಯಿಬಿಟ್ಟ ದಿನ ಅವನಿಗೇನಾದರೂ ಆದರೆ? ಒಬ್ಬನನ್ನು ಉಳಿಸಿಕೊಳ್ಳಲು ಇನ್ನೊಬ್ಬನ ವಿಳಾಸ ಹೇಳಿಕೊಟ್ಟ ಹಾಗೆ ಅವಳಿಗೆ. ಓದಿದವರು ನಗಬಹುದು. ನಾನು ನಗಲಾರೆ, ನಾನೂ ಅರ್ಧ ನಂಬುತ್ತೇನೆ.

೨೪ ಜನವರಿ, ಶನಿವಾರ

ರಾಣಿ ನನಗೆ ಹೇಳದೆ ಲಕ್ಕಣ್ಣನನ್ನು ಕೇಳಿದ್ದಾಳೆ. ಅತ್ತೆಗೆ ತಿಳಿಯದ ಹಾಗೆ ಒಂದು ದಿನ ಬಂದು ಹೋಗು, ಕೆನ್ನೆಯೊಳಗೆ ಹತ್ತಿ ಆಡಿಸಿ ಸ್ವಲ್ಪ ರಕ್ತ ತೆಗೆದುಕೊಳ್ಳುತ್ತಾರೆ, ಅಷ್ಟೇ ಎಂದು.

ಅವನು ಸಾಯಂಕಾಲ ನೇರ ಇಲ್ಲಿಗೆ ಬಂದ. ಕಾಂಪೌಂಡ್ ಗೋಡೆಯ ಆಚೆ ಅವನು, ಈಚೆ ಕುರ್ಚಿಯಲ್ಲಿ ನಾನು.

"ಅತ್ತಿಗೆ ಏಳಿದ್ರು," ಎಂದ.

"ಹ್ಞೂಂ."

"ಕೈ ಕುಯ್ಕೊಡು ಅಂದ್ರೂ ಕೊಡ್ತೀನಣ್ಣ. ಆದ್ರೆ ಕದ್ದು ಬರಲ್ಲ. ದೊಡ್ಡಮ್ಮ ಮೂವತ್ತೇಳು ವರ್ಷ ನನ್ನ ಇಂಗೆ ಕಾಯ್ದವ್ಳೆ. ಈ ಬಾಗ್ಲಿಂದ ಆ ಬಾಗ್ಲಿಗೆ ನೋಡ್ಕೊಂಡು. ನಾನು ಸ್ಕೂಲಿಗೆ ಓಗೋವಾಗ ನೋಡೋಳು, ನನ್ನ ಮದ್ವೇಲಿ ಬಡಿಸೋರ ಜೊತೆ ನಿಂತ್ಕೊಂಡು ನೋಡಿದ್ಳು. ಈಗ ಅವಳಿಗೆ ಗೊತ್ತಿಲ್ದಂಗೆ ನಾನು ಓಗಿ ಮಲಗಿ, ನಾಳೆ ನಂಗೊಂದು ಜ್ವರ ಬಂದ್ರೂ ಮುದುಕಿ ಉಳಿಯಲ್ಲ."

"ನಿನಗೆ ಅದರಲ್ಲಿ ನಂಬಿಕೆ ಇದೆಯಾ?"

"ಕರೆಂಟ್ ಕೆಲಸ ಮಾಡೋನು ಕಣಣ್ಣ. ಕಾಣದೇ ಇರೋದನ್ನ ಇಲ್ಲ ಅನ್ನಕ್ಕಾಗಲ್ಲ." ನಕ್ಕ. ಆಮೇಲೆ ಗೋಡೆಯ ಗಾರೆಯನ್ನು ಉಗುರಿನಲ್ಲಿ ಕೆರೆಯುತ್ತಾ, "ಆಯಮ್ಮ ಒಂದು ಸಲ ಬಾಯ್ಬಿಟ್ಟು ಏಳ್ಳಿ. ನಿನ್ನ ಸಲುವಾಗಿ ಅಂತಲ್ಲ. ನಂಗೂ ಕೇಳ್ಬೇಕು ಅಂತದೆ," ಎಂದ.

ಅವನು ಹೋದ ಮೇಲೂ ಅಲ್ಲೇ ಕೂತಿದ್ದೆ. ನನಗಿಂತ ಮೊದಲಿನಿಂದ ಕಾಯುತ್ತಿರುವವನು ಲಕ್ಕಣ್ಣ. ನನ್ನದಿನ್ನೂ ಮೂರು ತಿಂಗಳು.

೩ ಫೆಬ್ರವರಿ

ಮೂರನೇ ಸುತ್ತು ಮುಗಿಸಿ ಬಂದೆ. ನಡೆದರೆ ಗೋಡೆ ಹಿಡಿಯಬೇಕು. ಕಿಟಕಿಯಿಂದ ಎದುರು ಮನೆಯ ಜಗುಲಿ ಕಾಣುತ್ತದೆ. ಲಕ್ಕಣ್ಣ ತಟ್ಟೆ ಹಿಡಿದು ಉಣ್ಣುತ್ತಿದ್ದ. ಎಡಗೈಯನ್ನು ಮಂಡಿಯ ಕೆಳಗೆ ಸಿಕ್ಕಿಸಿಕೊಂಡು ಉಣ್ಣುತ್ತಾನೆ, ನಮ್ಮಪ್ಪ ಆನಂದಪ್ಪ ಉಣ್ಣುತ್ತಿದ್ದ ಹಾಗೆಯೇ. ಇಷ್ಟು ವರ್ಷ ಎದುರಿಗೇ ಇದ್ದರೂ ನೋಡಿರಲಿಲ್ಲ. ಅಮ್ಮ ನೋಡಿರುತ್ತಾಳೆ. ದಿನಕ್ಕೆ ಎರಡು ಸಲ.

೧೫ ಫೆಬ್ರವರಿ, ಭಾನುವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು.

ಈ ವಾರ ವಿಮಾನ ಪ್ರದರ್ಶನ, ಅದಕ್ಕೆ ಬೆಳಗಿನಿಂದ ಅಭ್ಯಾಸ. ತಲೆಯ ಮೇಲೆ ಆಕಾಶವನ್ನು ಸೀರೆ ಹರಿದ ಹಾಗೆ ಹರಿಯುತ್ತಿದ್ದವು. ಸಂಜೆ ಐದಕ್ಕೆ ನನ್ನನ್ನು ಜಗುಲಿಯ ಕುರ್ಚಿಯಲ್ಲಿ ಕೂರಿಸಿದರು, ಮೂಗು ಬಾಯಿಗೆ ಮಾಸ್ಕ್. ಎದುರು ಜಗುಲಿಯ ಮೆಟ್ಟಿಲ ಮೇಲೆ ಮೋನಿಷಾ, ವ್ಯಾನಿನ ಇನ್ನೂ ನಾಲ್ಕು ಮಕ್ಕಳು. ಅವರ ಹಿಂದೆ ಕನಕಾಂಬರದ ಕುಂಡಗಳ ನಡುವೆ ಕಾಲು ಚಾಚಿ ಕೂತ ಮಾರಕ್ಕ. ಲಕ್ಕಣ್ಣ ಬೀದಿಯಲ್ಲಿ ವ್ಯಾನು ತೊಳೆಯುತ್ತಿದ್ದ. ನಮ್ಮ ಹೊಸ್ತಿಲ ಮೇಲೆ ಅಮ್ಮ.

"ಕಥೆ ಏಳು ದೊಡ್ಡಪ್ಪ," ಎಂದಳು ಮೋನಿಷಾ. ದೊಡ್ಡಪ್ಪ ಎಂದು ಅವಳಿಗೆ ಯಾರು ಹೇಳಿಕೊಟ್ಟರೋ.

"ಹ್ಞೂಂ ಅನ್ನುತ್ತಿರಬೇಕು. ನಿಲ್ಲಿಸಿದರೆ ಕಥೆಯೂ ನಿಲ್ಲುತ್ತದೆ."

"ಹ್ಞೂಂ."

ಏಳು ಸಮುದ್ರದ ಕಥೆ ಹೇಳುವುದಕ್ಕೆಂದೇ ಬಾಯಿ ತೆರೆದೆ. ಬಂದದ್ದು ಇದು. "ಒಂದೂರಲ್ಲಿ ಒಬ್ಬ ತಾಯಿ. ಅವಳಿಗೆ ದೊಡ್ಡವನೊಬ್ಬ ಮಗ. ಅವನ ಹಿಂದೆ ಹುಟ್ಟಿದ ಎರಡು ಕೂಸು ಹೋಗಿಬಿಟ್ಟವು."

"ಮೂರು," ಎಂದಳು ಅಮ್ಮ.

ನಾನು ತಿರುಗಿ ನೋಡಲಿಲ್ಲ. ಮೂರು ಎಂದು ನನಗೆ ಗೊತ್ತು. ಎರಡು ಎಂದು ಏಕೆ ಬಾಯಿಗೆ ಬಂತೆಂದು ಈಗ ಕೇಳಿದರೂ ಹೇಳಲಾರೆ. "ಮೂರು ಹೋದವು. ನಾಲ್ಕನೆಯದು ಹುಟ್ಟಿದಾಗ ಮೊರದಲ್ಲಿ ಮಲಗಿಸಿ ಬಾವಿ ಕಟ್ಟೆಯ ಮೇಲಿಟ್ಟರು."

"ತಿಪ್ಪೆ ಮೇಲೆ ಕಣೋ. ಬಾವಿ ಕಟ್ಟೆ ಮೇಲೆ ಯಾರಾದ್ರೂ ಕೂಸು ಮಡುಗ್ತಾರಾ?"

ಮಕ್ಕಳು ನಕ್ಕರು. ಲಕ್ಕಣ್ಣನ ಬಕೆಟ್ಟಿನ ಸದ್ದು ನಿಂತಿತ್ತು. ಎದುರು ಮನೆಯವಳೊಬ್ಬಳು ಬಂದು ತೌಡು ಕೊಟ್ಟು ಕೊಂಡದ್ದು, ತಾಯಿ ಬೀದಿ ದಾಟಿ ಹಾಲು ಕುಡಿಸಿದ್ದು, ಎಲ್ಲ ಹೇಳಿದೆ. ಮೋನಿಷಾ ಹ್ಞೂಂ, ಹ್ಞೂಂ ಎನ್ನುತ್ತಿದ್ದಳು. "ಐದು ವರ್ಷವಾಯಿತು. ರಾಗಿ ಹೊತ್ತುಕೊಂಡು ತಾಯಿ ಮಗನನ್ನು ಬಿಡಿಸಿಕೊಳ್ಳಲು ಹೊರಟಳು. ಅದೇ ಬೆಳಿಗ್ಗೆ ಮಗುವಿಗೆ ಜ್ವರ ಬಂತು."

"ಜ್ವರ ಬರ್ಲಿಲ್ಲ."

ವಿಮಾನವೊಂದು ಬಂತು. ಅದು ಜಾಲಹಳ್ಳಿಯ ಕಡೆ ತಿರುಗಿ ಸದ್ದು ಅಡಗುವವರೆಗೆ ಯಾರೂ ಮಾತಾಡುವ ಹಾಗಿರಲಿಲ್ಲ. ಅಷ್ಟರಲ್ಲಿ ಅಮ್ಮ ಹೊಸ್ತಿಲಿನಿಂದ ಎದ್ದು ಮೆಟ್ಟಿಲಿಗೆ ಬಂದು ಕೂತಿದ್ದಳು.

"ಇವನಿಗೆ ಕಥೆ ಗೊತ್ತಿಲ್ಲ. ನಾನೇಳ್ತೀನಿ ಕೇಳು ಮಗಾ," ಎಂದಳು ಮೋನಿಷಾಗೆ.

"ಹ್ಞೂಂ."

"ಆವಮ್ಮ ರಾಗಿ ಒತ್ಕೊಂಡು ಎದುರು ಬಾಗ್ಲಿಗೆ ಓದ್ಲು. ಒಳಗಡೆ ಕೊಂಡ್ಕೊಂಡೋಳು ಹುಡುಗಂಗೆ ಮುದ್ದೆ ಮುರಿದು ತಿನ್ನಿಸ್ತಿದ್ಲು. ಅವಳಿಗೆ ಒಟ್ಟೇಲಿ ಒಂದೂ ಉಟ್ಟಿರ್ಲಿಲ್ಲ. ಬಾಗ್ಲಲ್ಲಿ ನಿಂತೋಳ್ನ ನೋಡಿದ್ಲು. ಏನೂ ಅನ್ಲಿಲ್ಲ. ಎದ್ದು ಹುಡುಗನ ಬಾಯಿ ತೊಳೆದ್ಲು. ತಲೆ ಬಾಚಿದ್ಲು. ಒಸ ಅಂಗಿ ತೆಗ್ದು ಆಕಿದ್ಲು, ಗುಂಡಿ ಎಲ್ಲ ಆಕಿದ್ಲು. ಆಕಿ, ಹುಡುಗನ್ನ ಮುಂದಕ್ಕೆ ನಿಲ್ಸಿದ್ಲು, ಕರ್ಕೊಂಡೋಗು ಅಂತ. ಅಳ್ಲಿಲ್ಲ."

"ಹ್ಞೂಂ."

"ಅತ್ತಿದ್ರೆ ಕರ್ಕೊಂಡು ಬಂದ್ಬುಡ್ತಿದ್ಲು ಆವಮ್ಮ. ಅಳ್ಲೇ ಇಲ್ವಲ್ಲ. ಆವಮ್ಮ ಏನ್ ಮಾಡಿದ್ಲು, ಹುಡುಗನ ಹಣೆ ಮುಟ್ಟಿ, ಮೈ ಬಿಸಿ ಅದೆ, ಇವತ್ತು ಬ್ಯಾಡ ಅಂದ್ಬುಟ್ಟು ವಾಪಸ್ ಬಂದ್ಲು. ಮನೇಲಿ ಒಬ್ಬ ಇದ್ದ ಅವಳಿಗೆ. ಅವಳಿಗೆ ಒಬ್ಬ, ಇವಳಿಗೆ ಒಬ್ಬ. ಹೆದರಿಕೇನೂ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಜ್ವರ ಬರ್ಲಿಲ್ಲ."

ಮಾರಕ್ಕ ಕುಂಡದೊಳಗಿನ ಒಣಗಿದ ಎಲೆಯೊಂದನ್ನು ಕಿತ್ತು ಪಕ್ಕಕ್ಕಿಟ್ಟಳು. "ನಂಗ್ ಗೊತ್ತಿರ್ಲಿಲ್ವಾ?" ಎಂದಳು. "ನೀನು ಓದ ಮೇಲೆ ನಾನೂ ಹಣೆ ಮುಟ್ಟಿ ನೋಡ್ದೆ. ತಣ್ಣಗಿತ್ತು."

"ಮತ್ತೆ ಯಾಕೆ ಸುಮ್ಕಿದ್ದೆ?" ಎಂದಳು ಅಮ್ಮ.

"ನೀನು ಯಾಕೆ ಸುಮ್ಕಿದ್ದೆ? ಕೇಳಿದ್ರೆ ಕೊಡ್ತಿದ್ದೆ ದ್ರೌಪದಿ."

"ಗೊತ್ತು ಕಣೇ. ಅದಕ್ಕೇ ಕೇಳ್ಲಿಲ್ಲ."

ಮೋನಿಷಾಗೆ ಯಾರಿಗೆ ಹ್ಞೂಂ ಅನ್ನಬೇಕೆಂದು ತಿಳಿಯಲಿಲ್ಲ. ಅಮ್ಮ ಲಕ್ಕಣ್ಣನ ಕಡೆ ನೋಡಿದಳು. ಅವನು ಒದ್ದೆ ಬಟ್ಟೆಯನ್ನು ಹಿಂಡುತ್ತಿದ್ದ. ಅದರಲ್ಲಿ ನೀರೇ ಉಳಿದಿರಲಿಲ್ಲ, ಹಿಂಡುತ್ತಲೇ ಇದ್ದ.

"ಲಕ್ಕಣ್ಣ, ನಿನ್ನ ಹೆತ್ತೋಳು ನಾನು," ಎಂದಳು. "ಸಾಕಿದೋಳು ಅವಳು. ಅವಳನ್ನ ಕೇಳ್ಕೊಂಡು, ಒಪ್ಪಿದ್ರೆ, ನಿಮ್ಮಣ್ಣಂಗೆ ಬೇಕಾದ್ದು ಕೊಡು."

ಅಷ್ಟು ಹೇಳಿ ದೀಪ ಹಚ್ಚಲು ಒಳಗೆ ಹೋದಳು. ಕಥೆ ಮುಗಿಯಿತಾ ಎಂದು ಒಂದು ಮಗು ಕೇಳಿತು.

೧೬ ಫೆಬ್ರವರಿ, ಸೋಮವಾರ

ಕಥೆ ಕೇಳಿದ ಮಕ್ಕಳು ಬೆಳಿಗ್ಗೆ ಬೇರೆ ವ್ಯಾನಿನಲ್ಲಿ ಸ್ಕೂಲಿಗೆ ಹೋದವು. ಲಕ್ಕಣ್ಣ ಆರು ಗಂಟೆಗೇ ಫೋನ್ ಮಾಡಿ ಗೊತ್ತು ಮಾಡಿದ್ದನಂತೆ. ಮೋನಿಷಾ ಹತ್ತುವ ಮುಂಚೆ ನಮ್ಮ ಗೇಟಿಗೆ ಬಂದು, ರಾತ್ರಿ ಅಜ್ಜಿ ಮಲಗಲಿಲ್ಲ, ಅಪ್ಪನ ಅಂಗಿಗೆ ಇಸ್ತ್ರಿ ಹಾಕಿದಳು, ಎರಡು ಸಲ ಹಾಕಿದಳು ಎಂದು ವರದಿ ಕೊಟ್ಟು ಹೋದಳು.

ಎಂಟಕ್ಕೆ ಮಾರಕ್ಕ ಬಂದಳು. ಹಸಿರು ರೇಷ್ಮೆ ಸೀರೆ, ಲಕ್ಕಣ್ಣನ ಮದುವೆಯಲ್ಲಿ ಉಟ್ಟದ್ದು. ನಮ್ಮ ಬಾಗಿಲಲ್ಲಿ ನಿಂತು, "ನಡಿಯೇ, ಓಗಾಣ," ಎಂದಳು ಅಮ್ಮನಿಗೆ.

"ನಾನ್ಯಾಕೆ? ಡಾಕ್ಟ್ರು ನನ್ನ ಕರೀಲಿಲ್ಲ."

"ನನ್ನ ಮಾತ್ರ ಕರೆದವ್ರಾ? ಅಲ್ಲಿ ಯಾರ ಮಗ ಅಂತ ಕೇಳಿದ್ರೆ ನಾನೊಬ್ಳೇ ಏನ್ ಏಳ್ಲಿ? ನಡಿ."

ಅಮ್ಮ ಒಳಗೆ ಹೋಗಿ ಸೀರೆ ಬದಲಿಸತೊಡಗಿದಳು. ಹೊತ್ತಾಯ್ತದೆ ಎಂದು ಮಾರಕ್ಕ ಕೂಗಿದಳು. ಹಾಸ್ಪಿಟಲು ಓಡಿಹೋಗಲ್ಲ ಎಂದು ಅಮ್ಮ ಒಳಗಿನಿಂದ ಕೂಗಿದಳು. ರಾಣಿ ಹರಿಪ್ರಿಯಾ ಮೇಡಂಗೆ ಫೋನ್ ಮಾಡಿ, ಮೂವರು ಬರುತ್ತಿದ್ದಾರೆ ಎಂದಾಗ, ಒಬ್ಬರು ಸಾಕಲ್ವಾ ಎಂದು ಅವರು ಕೇಳಿದ್ದು ನನಗೂ ಕೇಳಿಸಿತು. ಸಾಕು ಮೇಡಂ, ಆದರೂ ಮೂವರು ಬರುತ್ತಾರೆ ಎಂದಳು ರಾಣಿ.

ನಾನು ಹೋಗುವ ಹಾಗಿಲ್ಲ. ಜಗುಲಿಯವರೆಗೆ ಬಂದು ಕಂಬ ಹಿಡಿದು ನಿಂತೆ. ನಾಲ್ಕರಲ್ಲಿ ಒಂದು ಎಂದರು. ಫಲಿತಾಂಶಕ್ಕೆ ಎರಡು ವಾರ. ಹೊಂದದೇ ಇರಬಹುದು. ಅದನ್ನು ಯೋಚಿಸಲು ಹದಿನಾಲ್ಕು ದಿನವಿದೆ, ಇವತ್ತೇ ಏಕೆ.

ಮಾರಕ್ಕ ಮುಂದಿನ ಸೀಟಿಗೆ ಹತ್ತಿದವಳು, ಅಮ್ಮ ಬಂದದ್ದು ನೋಡಿ ಇಳಿದು ಹಿಂದೆ ಮಕ್ಕಳ ಸೀಟಿನಲ್ಲಿ ಕೂತಳು. ಅಮ್ಮ ಮುಂದೆ ಹತ್ತಲಿಲ್ಲ. ಅವಳೂ ಹಿಂದಿನ ಬಾಗಿಲಿಗೇ ಹೋಗುತ್ತಿದ್ದಳು. ಹೊತ್ತಾಯ್ತದೆ ಎಂದು ಮಾರಕ್ಕ ಮತ್ತೊಮ್ಮೆ ಕೂಗಿದಳು.

ನನ್ನ ತಮ್ಮ ಕೀಲಿ ತೆಗೆದುಕೊಳ್ಳಲು ಗೇಟಿನ ಹತ್ತಿರ ಬಂದ. ಅಷ್ಟು ಇಸ್ತ್ರಿ ಮಾಡಿದ ಅಂಗಿ, ಆದರೆ ಹಿಂದೆ ಕಾಲರ್ ಒಳಕ್ಕೆ ಮಡಚಿಕೊಂಡಿತ್ತು. ನಾನೇ ಸರಿಮಾಡಬೇಕೆಂದು ಕೈ ಎತ್ತಿದೆ. ಮುಟ್ಟುವ ಹಾಗಿಲ್ಲ. "ಕಾಲರ್ ಮಡಚಿದೆ ಕಣೋ," ಎಂದೆ. ಅವನು ತಡಕಿದ, ಅವನಿಗೆ ಸಿಗಲಿಲ್ಲ.

ವ್ಯಾನಿನ ಮೆಟ್ಟಿಲ ಮೇಲಿಟ್ಟ ಕಾಲನ್ನು ಇಳಿಸಿ ಅಮ್ಮ ವಾಪಸು ಬಂದಳು. ಅವನು ಎತ್ತರದ ಆಳು, ಅವಳಿಗೆ ಎಟುಕುವುದಿಲ್ಲ. ಬಗ್ಗಿದ. ಅಮ್ಮ ಕಾಲರನ್ನು ಹೊರಕ್ಕೆ ತೆಗೆದು ಮಡಚಿ ಬೆರಳಿನಿಂದ ನೀವಿದಳು. ಸರಿಹೋದ ಮೇಲೂ ಕೈ ತೆಗೆಯಲಿಲ್ಲ. ಅವನೂ ತಲೆ ಎತ್ತಲಿಲ್ಲ. ಮಾರಕ್ಕ ವ್ಯಾನಿನ ಕಿಟಕಿಯಿಂದ ನೋಡುತ್ತಿದ್ದಳು. ಹೊತ್ತಾಯಿತು ಎಂದು ಈ ಸಲ ಕೂಗಲಿಲ್ಲ.